ರಕ್ತದ ಗುಂಪು ಮತ್ತು ಸೋಂಕು: ಒಂದು ಹಳೆಯ ಪ್ರಶ್ನೆಯ ಚರಿತ್ರೆ

‘ಓ ಗುಂಪಿನ ರಕ್ತದವರಿಗೆ ಕೊರೋನಾ ತಗಲುವುದಿಲ್ಲವಂತೆ, ನಿಜವೇ ಸಾರ್?’ ಎಂಬ ಪ್ರಶ್ನೆಯನ್ನು 2020ನೆಯ ಇಸವಿಯ ಬೇಸಗೆಯಿಂದೀಚೆಗೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಡಮೆಯೆಂದರೆ ಹತ್ತು ಮಂದಿಯಾದರೂ ಕೇಳಿರುವರು. ಕೆಲವರು ದೂರವಾಣಿಯಲ್ಲಿ, ಕೆಲವರು ಗಾಂಧಿಬಜಾರಿನಲ್ಲಿ ತರಕಾರಿ ಚೀಲದೊಡನೆ ಎದುರಾದಾಗ. ಒಬ್ಬನಂತೂ ತನ್ನ ಮಗಳ ಮದುವೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಲೇ ಕೇಳಿದ! ಒಂದೇ ಮಾತಿನಲ್ಲಿ ‘ಹೌದು’ ಎಂದೋ ‘ಇಲ್ಲ’ ಎಂದೋ ಹೇಳಿ ಮುಗಿಸಬಹುದಾದ ಪ್ರಶ್ನೆ ಇದಲ್ಲ. ಇದಕ್ಕೆ ನೂರು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ, ಒಂದು ರೀತಿಯಲ್ಲಿ ನಾವು ವಾಸವಾಗಿರುವ ಈ ಬಡಾವಣೆಗಳಿಗೂ ಪಾಲಿದೆ. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ಬಿಡುವಿದ್ದಾಗ ಓದಿರಿ.

ಮೊದಲು ಪ್ಲೇಗಿನ ವಿಚಾರ. ಪ್ಲೇಗು ವೈರಸ್ಸಿನ ಕಾಯಿಲೆಯಲ್ಲ, ಬ್ಯಾಕ್ಟೀರಿಯಾದಿಂದ ಬರುವಂಥದು ಎಂದು ನನ್ನ ತರಗತಿಯ ಮುಂದಿನ ಬೆಂಚಿನವರು ಕೂಡಲೇ ತಕರಾರು ತೆಗೆಯುವಿರಿ. ಸಂತೋಷ. ತುಸು ತಾಳ್ಮೆಯಿರಲಿ, ಅದು ಈ ಕಥೆಯೊಳಗೆ ಏಕೆ ಬಂದಿತೆಂಬುದು ಮುಂದೆ ತಿಳಿಯುತ್ತದೆ.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಮಹಾಮಾರಿ 1898ರ ಆಗಸ್ಟ್ ತಿಂಗಳಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲು ಹಿಡಿದು ಬೆಂಗಳೂರಿಗೆ ಬಂದಿಳಿಯಿತು. ಆಗಿನ ಪೇಟೆ ಎಂದರೆ ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆ, ತರಗುಪೇಟೆಗಳ ಇಕ್ಕಟ್ಟು. ಒಂದಕ್ಕೊಂದು ಅಂಟಿಕೊಂಡ ಮನೆಗಳು, ಗಾಳಿಬೆಳಕಿಲ್ಲದ ಕೋಣೆಗಳು, ಮನೆಯ ಪಕ್ಕದಲ್ಲಿಯೇ ಧಾನ್ಯದ ಮಳಿಗೆಗಳು. ಧಾನ್ಯವಿದ್ದೆಡೆ ಇಲಿ, ಇಲಿಯಿದ್ದೆಡೆ ಚಿಗಟ. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದನ್ನು ಹರಡುವುದೆಂದು ಸಿಮಾಂಡ್ ಎಂಬಾತನು ನಮ್ಮ ಊರಿಗೆ ಪ್ಲೇಗು ಬಂದ ಅದೇ 1898ರಲ್ಲಿ ತೋರಿಸಿದನು. ಆದರೆ ಅವನ ಮಾತನ್ನು ವೈದ್ಯಲೋಕವು ಒಪ್ಪಿಕೊಳ್ಳಲು ಇನ್ನೂ ಹಲವು ವರ್ಷಗಳು ಬೇಕಾದುವು. ಅಲ್ಲಿಯವರೆಗೆ ಜನರ ಪಾಲಿಗೆ ಅದು ಮಾರಿಯ ಮುನಿಸು. ಪ್ಲೇಗ್ ಮಾರಮ್ಮನ ಗುಡಿಗಳು ನಮ್ಮ ಊರಿನಲ್ಲಿ ಇಂದಿಗೂ ಇರುವುದನ್ನು ನೀವು ನೋಡಿರಬಹುದು. ಅಧಿಕಾರಿಗಳ ಪಾಲಿಗೆ ಅದು ಕೊಳಕು, ಇಕ್ಕಟ್ಟು, ಕೆಟ್ಟ ಗಾಳಿಗಳ ಫಲ. ಮನೆಮನೆಗೆ ನುಗ್ಗಿ ತಪಾಸಣೆ ಮಾಡುವುದು, ರೋಗಿಗಳನ್ನು ಊರಾಚೆಯ ಶಿಬಿರಗಳಿಗೆ ಸಾಗಿಸುವುದು, ರೈಲಿನ ಪ್ರಯಾಣಿಕರನ್ನು ತಡೆದು ಪರೀಕ್ಷಿಸುವುದು ನಡೆಯಿತು. ಜನ ಬೆದರಿದರು, ರೊಚ್ಚಿಗೆದ್ದರು. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅದೇ ವರ್ಷ ದೊಡ್ಡ ಗಲಭೆಯೇ ಆಯಿತು.

1891ರ ಜನಗಣತಿಯಲ್ಲಿ ನಗರ ಮತ್ತು ದಂಡು ಪ್ರದೇಶ ಎರಡೂ ಸೇರಿ ಬೆಂಗಳೂರಿನ ಜನಸಂಖ್ಯೆ 1,80,366. ಹತ್ತು ವರ್ಷಗಳ ಬಳಿಕ, 1901ರಲ್ಲಿ, ಅದು 1,59,046! ಬೆಳೆಯಬೇಕಾಗಿದ್ದ ಊರು ಇಪ್ಪತ್ತೊಂದು ಸಾವಿರದಷ್ಟು ಕುಗ್ಗಿತ್ತು. ಸತ್ತವರೆಷ್ಟೋ, ಊರು ಬಿಟ್ಟವರೆಷ್ಟೋ. 1892ರ ಸುಮಾರಿಗೆ ಚಾಮರಾಜಪೇಟೆ ಹುಟ್ಟಿಕೊಂಡಿತ್ತು. ಬಸವನಗುಡಿ, ಮಲ್ಲೇಶ್ವರಗಳ ಯೋಜನೆಯೂ ಅದೇ ಕಾಲಕ್ಕೆ ಸೇರಿದ್ದು. ಆದರೆ ಜನ ಪೇಟೆಯನ್ನು ತೊರೆದು ಆ ಬಯಲುಗಳಿಗೆ ಬರುವಂತೆ ಮಾಡಿದ್ದು ಪ್ಲೇಗು. ಅಗಲವಾದ ನೇರ ರಸ್ತೆಗಳು, ಮನೆಯ ಸುತ್ತ ಬಯಲು, ಹಿಂಭಾಗದಲ್ಲಿ ಮಲ ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು. ನೀವೆಲ್ಲರೂ ಶಾಲೆ ಬಿಟ್ಟ ಮೇಲೆ ಕ್ರಿಕೆಟ್ ಆಡಿ ಗಾಜು ಒಡೆಯುತ್ತಿದ್ದ ಆ ಗಲ್ಲಿಗಳೇ! ಅವು ಪ್ಲೇಗಿಗೆ ನಮ್ಮ ಊರು ಕೊಟ್ಟ ಉತ್ತರ. ಯಾರ ರಕ್ತ ಯಾವುದೆಂದು ಆಗ ಯಾರೂ ಕೇಳಲಿಲ್ಲ. ಕೇಳುವುದು ಸಾಧ್ಯವೂ ಇರಲಿಲ್ಲ. ಏಕೆಂದರೆ ರಕ್ತದ ಗುಂಪುಗಳೇ ಇನ್ನೂ ಪತ್ತೆಯಾಗಿರಲಿಲ್ಲ.

ಅವುಗಳನ್ನು ಪತ್ತೆ ಮಾಡಿದವನು ವಿಯೆನ್ನಾ ನಗರದ ಕಾರ್ಲ್ ಲ್ಯಾಂಡ್‌ಸ್ಟೈನರ್. ತನ್ನ ಮತ್ತು ತನ್ನ ಸಹೋದ್ಯೋಗಿಗಳ ರಕ್ತವನ್ನು ಒಂದಕ್ಕೊಂದು ಬೆರೆಸಿ, ಯಾವುದು ಗರಣೆ ಕಟ್ಟುತ್ತದೆ, ಯಾವುದು ಕಟ್ಟುವುದಿಲ್ಲ ಎಂದು ಪಟ್ಟಿ ಮಾಡಿ 1901ರಲ್ಲಿ ಪ್ರಕಟಿಸಿದನು. ಮರುವರ್ಷ ಅವನ ಸಂಗಡಿಗರು ನಾಲ್ಕನೆಯದಾದ ‘ಎಬಿ’ಯನ್ನು ಸೇರಿಸಿದರು. 1930ರಲ್ಲಿ ಅವನಿಗೆ ನೊಬೆಲ್ ಬಂದಿತು. ಪೋಲಿಯೋ ಒಂದು ವೈರಸ್ಸಿನ ಕಾಯಿಲೆಯೆಂದು 1908ರಲ್ಲಿ ತೋರಿಸಿದ ಇಬ್ಬರಲ್ಲಿ ಒಬ್ಬನೂ ಇವನೇ. ಎರಡೂ ವಿದ್ಯೆಗಳು ಒಂದೇ ತಲೆಯಲ್ಲಿದ್ದರೂ ಅವುಗಳನ್ನು ಬೆಸೆಯುವ ಪ್ರಶ್ನೆ ಹುಟ್ಟುವುದಕ್ಕೆ ಕಾಲ ಹಿಡಿಯಿತು.

ಗುಂಪು ಎಂದರೇನೆಂದು ಮರೆತಿರುವವರಿಗಾಗಿ ಎರಡು ಮಾತು. ಕೆಂಪು ರಕ್ತಕಣದ ಮೈಮೇಲೆ ಸಣ್ಣ ಸಣ್ಣ ಸಕ್ಕರೆಯ ಕುಚ್ಚುಗಳಿರುತ್ತವೆ. ಎಲ್ಲಕ್ಕೂ ಬುನಾದಿಯಾಗಿ ‘ಎಚ್’ ಎಂಬ ಕುಚ್ಚು. ಅದರ ತುದಿಗೆ ಒಂದು ಬಗೆಯ ಸಕ್ಕರೆ ಅಂಟಿದರೆ ‘ಎ’, ಇನ್ನೊಂದು ಬಗೆಯದು ಅಂಟಿದರೆ ‘ಬಿ’, ಎರಡೂ ಇದ್ದರೆ ‘ಎಬಿ’, ಏನೂ ಅಂಟದೆ ಬರಿಯ ‘ಎಚ್’ ಉಳಿದರೆ ‘ಓ’. ನಮ್ಮಲ್ಲಿ ಯಾವ ಕುಚ್ಚು ಇಲ್ಲವೋ ಅದರ ವಿರುದ್ಧ ಪ್ರತಿಕಾಯಗಳು ಎಳೆತನದಲ್ಲಿಯೇ ರಕ್ತದಲ್ಲಿ ಸಿದ್ಧವಾಗುತ್ತವೆ. ‘ಓ’ ಗುಂಪಿನವರಲ್ಲಿ ‘ಎ’ ಮತ್ತು ‘ಬಿ’ ಎರಡರ ವಿರುದ್ಧವೂ ಪ್ರತಿಕಾಯಗಳಿರುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಮುಂದಿನ ವಾದಗಳೆಲ್ಲ ಇದರ ಮೇಲೆಯೇ ನಿಂತಿವೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗ್ರೀಸಿನ ಸಲೋನಿಕಾ ಎಂಬಲ್ಲಿ ನಾನಾ ದೇಶಗಳ ಸೈನ್ಯಗಳು ಬೀಡುಬಿಟ್ಟಿದ್ದುವು. ಅಲ್ಲಿ ವೈದ್ಯರಾಗಿದ್ದ ಲುಡ್ವಿಕ್ ಮತ್ತು ಹಂಕಾ ಹಿರ್ಷ್‌ಫೆಲ್ಡ್ ಎಂಬ ಪೋಲೆಂಡಿನ ದಂಪತಿಗಳು ಆ ಸೈನ್ಯಗಳ ಸಾವಿರಾರು ಸೈನಿಕರ ರಕ್ತವನ್ನು ಪರೀಕ್ಷಿಸಿ 1919ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಐರೋಪ್ಯರಲ್ಲಿ ‘ಎ’ ಹೆಚ್ಚು; ಭಾರತೀಯ ಸಿಪಾಯಿಗಳಲ್ಲಿ ‘ಬಿ’ ಹೆಚ್ಚು! ‘ಬಿ’ ಗುಂಪು ಭಾರತದಲ್ಲಿಯೇ ಹುಟ್ಟಿ ಪಶ್ಚಿಮಕ್ಕೆ ಹರಿದಿರಬೇಕೆಂದು ಅವರು ಊಹಿಸಿದರು. ಆ ಊಹೆ ನಿಲ್ಲಲಿಲ್ಲ. ಆದರೆ ಅಂಕಿಗಳು ನಿಂತುವು. ನಮ್ಮ ಊರಿನ ಮಾತನ್ನೇ ಹೇಳುವುದಾದರೆ, ಬೆಂಗಳೂರಿನ ಸಂಶೋಧಕರು ಮೂವತ್ತಾರು ಸಾವಿರಕ್ಕೂ ಹೆಚ್ಚು ರಕ್ತದಾನಿಗಳನ್ನು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದಂತೆ ನೂರು ಮಂದಿಯಲ್ಲಿ ಸುಮಾರು 40 ‘ಓ’, 30 ‘ಬಿ’, 24 ‘ಎ’, ಆರು ‘ಎಬಿ’. ಪಶ್ಚಿಮ ಯೂರೋಪಿನಲ್ಲಿ ‘ಬಿ’ ಹತ್ತರ ಆಸುಪಾಸು. ಈ ವ್ಯತ್ಯಾಸವೇಕೆ?

ಇಲ್ಲಿಯೇ ಪ್ಲೇಗು ಮತ್ತು ಸಿಡುಬು ಕಥೆಯೊಳಗೆ ಬರುವುದು. 1960ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫೋಗೆಲ್ ಮತ್ತು ಸಂಗಡಿಗರು ಒಂದು ಸೊಗಸಾದ ವಾದವನ್ನು ಮುಂದಿಟ್ಟರು. ಪ್ಲೇಗಿನ ರೋಗಾಣುವಿನ ಮೈಮೇಲೆ ‘ಎಚ್’ ಅನ್ನು ಹೋಲುವ ಸಕ್ಕರೆಯಿದೆ. ‘ಓ’ ಗುಂಪಿನವರ ದೇಹಕ್ಕೆ ಅದು ತನ್ನದೇ ಎಂದು ತೋರುವುದರಿಂದ ಅವರು ಅದನ್ನು ಎದುರಿಸಲಾರರು. ಸಿಡುಬಿನ ವೈರಸ್ಸಿಗೆ ‘ಎ’ಯನ್ನು ಹೋಲುವ ಲಕ್ಷಣವಿದೆ, ಆದುದರಿಂದ ‘ಎ’ ಗುಂಪಿನವರು ಅದಕ್ಕೆ ಸುಲಭವಾಗಿ ಬಲಿಯಾಗುವರು. ಪ್ಲೇಗು ‘ಓ’ಗಳನ್ನು, ಸಿಡುಬು ‘ಎ’ಗಳನ್ನು ತಲೆತಲಾಂತರದಿಂದ ಕಡಮೆ ಮಾಡುತ್ತಾ ಬಂದರೆ ಉಳಿಯುವುದು ಯಾವುದು? ‘ಬಿ’! ಆದುದರಿಂದಲೇ ಈ ಎರಡು ಪಿಡುಗುಗಳ ತವರಾದ ಭಾರತದಲ್ಲಿ ‘ಬಿ’ ಹೆಚ್ಚು.

ಕೇಳಲು ಎಷ್ಟು ಚೆನ್ನಾಗಿದೆ ನೋಡಿ. ನನಗೆ ಇಷ್ಟೊಂದು ಚೆನ್ನಾಗಿ ಹೊಂದುವ ವಾದವನ್ನು ಕಂಡಾಗಲೆಲ್ಲ ಅನುಮಾನ. ಎರಡೇ ವರ್ಷಗಳಲ್ಲಿ, 1962ರಲ್ಲಿ, ಸ್ಪ್ರಿಂಗರ್ ಮತ್ತು ವೀನರ್ ಎಂಬಿಬ್ಬರು ಇದನ್ನು ಬಲವಾಗಿ ಪ್ರಶ್ನಿಸಿದರು. (ಈ ವೀನರನು ಲ್ಯಾಂಡ್‌ಸ್ಟೈನರನೊಡನೆ ಆರ್‌ಎಚ್ ಅಂಶವನ್ನು ಕಂಡುಹಿಡಿದವನು, ಬಾಯಿಗೆ ಬಂದುದನ್ನು ಆಡುವವನಲ್ಲ.) ಪ್ರಯೋಗಾಲಯದಲ್ಲಿ ರೋಗಾಣುವನ್ನು ಬೆಳೆಸಲು ಬಳಸುವ ಪದಾರ್ಥದಲ್ಲಿಯೇ ಇಂಥ ಸಕ್ಕರೆಗಳಿದ್ದರೆ, ಅವು ರೋಗಾಣುವಿನವೋ ಅಥವಾ ಅದಕ್ಕೆ ಅಂಟಿಕೊಂಡು ಬಂದವೋ ಎಂದು ಹೇಳುವುದು ಹೇಗೆ? ನನಗೆ ತೋರುವ ಇನ್ನೊಂದು ಆಕ್ಷೇಪಣೆಯೂ ಇದೆ. 1896ರಿಂದ ಇಪ್ಪತ್ತೈದು ವರ್ಷಗಳಲ್ಲಿ ಪ್ಲೇಗು ಭಾರತದಲ್ಲಿ ಒಂದು ಕೋಟಿಗೂ ಮಿಗಿಲಾದ ಜನರನ್ನು ಕೊಂದಿತೆಂಬುದು ನಿಜ. ಆದರೆ ಅದು ಒಂದು ತಲೆಮಾರಿನ ಅವಧಿ. ಸಲೋನಿಕಾದಲ್ಲಿ ರಕ್ತ ಕೊಟ್ಟ ಸಿಪಾಯಿಗಳಲ್ಲಿ ಬಹುಮಂದಿ ಆ ಪ್ಲೇಗಿಗೆ ಮೊದಲೇ ಹುಟ್ಟಿದವರು. ಕಂಡ ಪ್ಲೇಗು ಸಾಲದಾದಾಗ ಕಾಣದ ಹಳೆಯ ಪ್ಲೇಗುಗಳನ್ನು ಊಹಿಸಿಕೊಳ್ಳಬೇಕಾಗುತ್ತದೆ.

ಸಿಡುಬಿನ ವಿಚಾರ ಹಾಗಲ್ಲ. ಅದು ನಿಜವಾಗಿಯೂ ಪುರಾತನವಾದುದು, ಮತ್ತು ವೈರಸ್ಸಿನದೇ. ‘ಅಮ್ಮ’ ಬಂದಿತೆಂದರೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಿದ್ದ ಕಾಲವನ್ನು ನಮ್ಮ ಪೀಳಿಗೆಯವರು ಕಂಡಿದ್ದೇವೆ. ನಮ್ಮ ತೋಳಿನ ಮೇಲಿನ ದುಂಡನೆಯ ಕಲೆಗಳು ಆ ಕಾಲದ ಮುದ್ರೆ. ಮೈಸೂರು ಸಂಸ್ಥಾನಕ್ಕೆ ಈ ಲಸಿಕೆಯೊಡನೆ ಹಳೆಯ ನಂಟು. ಲಸಿಕೆ ಮುಂಬಯಿಗೆ ಬಂದದ್ದು 1802ರಲ್ಲಿ. 1806ರ ಹೊತ್ತಿಗೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಲಸಿಕೆ ಹಾಕಿಸಿಕೊಂಡಿದ್ದರು. ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ಅರಮನೆಯ ಸ್ತ್ರೀಯರ ವರ್ಣಚಿತ್ರವೊಂದಿದೆ. ಅದರಲ್ಲೊಬ್ಬರು ಸೀರೆಯ ಸೆರಗನ್ನು ಸರಿಸಿ ತೋಳನ್ನು ತೋರಿಸುವಂತಿದೆ. ಪ್ರಜೆಗಳಲ್ಲಿ ಲಸಿಕೆಯ ಬಗ್ಗೆ ಧೈರ್ಯ ತುಂಬಲೆಂದೇ ಆ ಚಿತ್ರವನ್ನು ಬರೆಯಿಸಿದರೆಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿರುವರು. ಇನ್ನೂರು ವರ್ಷಗಳ ಹಿಂದಿನ ಅಂತಃಪುರ ಎಂಬುದನ್ನು ನೆನೆದರೆ, ಆ ಹೆಂಗಸರ ಧೈರ್ಯಕ್ಕೆ ಕೈಮುಗಿಯಬೇಕೆನಿಸುತ್ತದೆ.

ಫೋಗೆಲ್ ಸುಮ್ಮನೆ ಕೂಡಲಿಲ್ಲ. ತನ್ನ ವಾದವನ್ನು ಪರೀಕ್ಷೆಗೆ ಒಡ್ಡಲು ಭಾರತಕ್ಕೇ ಬಂದನು. ಚಕ್ರವರ್ತಿ ಎಂಬ ನಮ್ಮ ದೇಶದ ಸಂಶೋಧಕರೊಡನೆ ಬಿಹಾರ ಮತ್ತು ಪಶ್ಚಿಮ ಬಂಗಾಳಗಳ ಹಳ್ಳಿಗಳಲ್ಲಿ ತಿರುಗಿ, ಸಿಡುಬಿನ ರೋಗಿಗಳ ರಕ್ತವನ್ನು ಪರೀಕ್ಷಿಸಿ 1966ರಲ್ಲಿ ವರದಿ ಬರೆದನು. ಅವರು ಕಂಡದ್ದೇನೆಂದರೆ, ‘ಎ’ ಮತ್ತು ‘ಎಬಿ’ ಗುಂಪಿನವರಿಗೆ ಸಿಡುಬು ಹೆಚ್ಚಾಗಿ ತಗಲಿತ್ತು, ತಗಲಿದವರಲ್ಲಿ ಉಗ್ರವಾಗಿಯೂ ಇತ್ತು.

ಅದೇ ಹೊತ್ತಿಗೆ ನಮ್ಮ ಪಕ್ಕದ ಮದರಾಸಿನಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಇಂಗ್ಲೆಂಡಿನ ಡೌನಿ, ಮದರಾಸಿನ ಎ. ರಾಮಚಂದ್ರ ರಾವ್ ಮುಂತಾದವರು ಸಿಡುಬಿನ ರೋಗಿಗಳ ರಕ್ತದ ಗುಂಪುಗಳನ್ನು ಲೆಕ್ಕ ಹಾಕಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 1965ರಲ್ಲಿ ಪ್ರಕಟಿಸಿದರು. ಅವರಿಗೆ ಯಾವ ಸಂಬಂಧವೂ ಕಾಣಲಿಲ್ಲ. ರೋಗ ತಗಲುವುದರಲ್ಲಿಯೂ ಇಲ್ಲ, ಉಗ್ರತೆಯಲ್ಲಿಯೂ ಇಲ್ಲ.

ಒಂದೇ ದೇಶ, ಒಂದೇ ರೋಗ, ಬಹುಮಟ್ಟಿಗೆ ಒಂದೇ ಕಾಲ. ಉತ್ತರಗಳು ಮಾತ್ರ ಎರಡು. ಹೀಗಾಗುವುದು ಹೇಗೆ? ಈ ಪ್ರಶ್ನೆಯ ಕಷ್ಟ ಇರುವುದು ಹೋಲಿಕೆಯಲ್ಲಿ. ರಕ್ತದ ಗುಂಪಿನ ಪ್ರಮಾಣ ಊರಿನಿಂದ ಊರಿಗೆ, ಪಂಗಡದಿಂದ ಪಂಗಡಕ್ಕೆ ಬೇರೆ. ನಾನು ರೋಗಿಗಳನ್ನು ತರಗುಪೇಟೆಯಿಂದಲೂ ಆರೋಗ್ಯವಂತರನ್ನು ಬಸವನಗುಡಿಯಿಂದಲೂ ಆರಿಸಿಕೊಂಡರೆ, ಕಂಡುಬರುವ ವ್ಯತ್ಯಾಸ ರೋಗದ್ದಾಗಿರದೆ ಆ ಎರಡು ಬಡಾವಣೆಗಳ ಜನರದ್ದಾಗಿರಬಹುದು. ಫೋಗೆಲ್ ಈ ತೊಡಕನ್ನು ಅರಿತೇ ಅದೇ ಮನೆಯ ಸೋಂಕಿಲ್ಲದ ಒಡಹುಟ್ಟಿದವರನ್ನು ಹೋಲಿಕೆಗೆ ತೆಗೆದುಕೊಂಡಿದ್ದನು. ಅದು ಮೆಚ್ಚಬೇಕಾದ ಜಾಣತನ. ಆದರೂ ಅವನ ಫಲಿತಾಂಶ ಬೇರೆಯವರ ಕೈಯಲ್ಲಿ ಮರುಕಳಿಸಲಿಲ್ಲ. ಮುಂದೆ ಪರೀಕ್ಷಿಸಲು ರೋಗವೇ ಉಳಿಯಲಿಲ್ಲ! 1975ರಲ್ಲಿ ಭಾರತದ ಕಡೆಯ ಸಿಡುಬಿನ ರೋಗಿ ಗುಣವಾದರು. 1977ರಲ್ಲಿ ದೇಶವು ಸಿಡುಬಿನಿಂದ ಮುಕ್ತವೆಂದು ಘೋಷಿತವಾಯಿತು. ‘ಎ’ ಗುಂಪಿನವರನ್ನು ಹುಡುಕಿ ಲಸಿಕೆ ಹಾಕಿದ್ದರಿಂದ ಅದು ಅಳಿಯಲಿಲ್ಲ, ರೋಗ ಕಂಡೆಡೆಯಲ್ಲೆಲ್ಲ ಸುತ್ತಮುತ್ತಲಿನ ಸಕಲರಿಗೂ ಹಾಕಿದ್ದರಿಂದ ಅಳಿಯಿತು.

ಹೀಗೆ ನಲವತ್ತೈದು ವರ್ಷ ಮಲಗಿದ್ದ ಪ್ರಶ್ನೆ 2020ರ ಮಾರ್ಚಿಯಲ್ಲಿ ಎದ್ದು ಕುಳಿತಿತು. ಚೀನಾದ ವುಹಾನ್ ನಗರದ ಆಸ್ಪತ್ರೆಗಳಿಂದ ‘ಎ’ಗೆ ಅಪಾಯ ಹೆಚ್ಚು, ‘ಓ’ಗೆ ಕಡಮೆ ಎಂಬ ವರದಿ ಬಂದಿತು. ಜೂನ್ ತಿಂಗಳಿನಲ್ಲಿ ಇಟಲಿ ಮತ್ತು ಸ್ಪೇನ್ ದೇಶಗಳ ತೀವ್ರ ಕಾಯಿಲೆಯ 1,610 ರೋಗಿಗಳ ವಂಶವಾಹಿಗಳನ್ನು ಜಾಲಾಡಿದ ಅಧ್ಯಯನವೂ ಅದನ್ನೇ ಹೇಳಿತು: ‘ಎ’ಗೆ ಶೇಕಡಾ 45ರಷ್ಟು ಹೆಚ್ಚು, ‘ಓ’ಗೆ ಶೇಕಡಾ 35ರಷ್ಟು ಕಡಮೆ. ಈ ಶೇಕಡಾವಾರು ಅಂಕಿಗಳೇ ನಮ್ಮ ಮನೆಮನೆಗಳ ಮೊಬೈಲುಗಳಿಗೆ ಬಂದು ಗದ್ದಲವೆಬ್ಬಿಸಿದುವು. ಶೇಕಡಾ 45 ಎಂದರೆ ಏನು? ನೂರರಲ್ಲಿ ಇಬ್ಬರಿಗೆ ಬರುವ ತೀವ್ರ ಕಾಯಿಲೆ ಸುಮಾರು ಮೂವರಿಗೆ ಬರುವುದು ಎಂದರ್ಥ. ನೂರರಲ್ಲಿ ನಲವತ್ತೈದು ಮಂದಿಗೆ ಬರುವುದೆಂದಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ಡೆನ್ಮಾರ್ಕಿನಿಂದ ಬಂದ ಅಂಕಿಗಳು ನನಗೆ ಇನ್ನೂ ಬೋಧಪ್ರದವೆಂದು ತೋರಿದುವು. ಆ ದೇಶದಲ್ಲಿ ನೂರು ಮಂದಿಗೆ 41.7 ಮಂದಿ ‘ಓ’. ಸೋಂಕು ತಗಲಿದ 7,422 ಮಂದಿಯಲ್ಲಿ ‘ಓ’ಗಳ ಪಾಲು ಶೇಕಡಾ 38.4. ವ್ಯತ್ಯಾಸವೇನೋ ಇದೆ. ಆದರೆ ‘ತಗಲುವುದೇ ಇಲ್ಲ’ ಎಂದುಕೊಂಡಿದ್ದ ಗುಂಪಿನವರು ಸೋಂಕಿತರ ಪ್ರತಿ ನೂರರಲ್ಲಿ ಮೂವತ್ತೆಂಟು! ಮರುವರ್ಷ ಅಮೆರಿಕದ ಯೂಟಾ ಕಡೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಲೆಕ್ಕ ಹಾಕಿದವರಿಗೆ ಯಾವ ಸಂಬಂಧವೂ ಕಾಣಲಿಲ್ಲ. ನಮ್ಮ ದೇಶದ ಸಿ.ಎಸ್.ಐ.ಆರ್. (ಬೆಂಗಳೂರಿನ ಎನ್.ಎ.ಎಲ್. ಕೂಡ ಈ ಪರಿವಾರಕ್ಕೆ ಸೇರಿದ್ದು) ತನ್ನ ಸಂಸ್ಥೆಗಳ 10,427 ಮಂದಿಯ ರಕ್ತವನ್ನು ಪರೀಕ್ಷಿಸಿ, ‘ಓ’ಗಳಲ್ಲಿ ಸೋಂಕಿನ ಗುರುತು ಕಡಮೆ, ‘ಬಿ’ ಮತ್ತು ‘ಎಬಿ’ಗಳಲ್ಲಿ ಹೆಚ್ಚು ಎಂದಿತು. ಯೂರೋಪಿನಲ್ಲಿ ‘ಎ’ ಅಪರಾಧಿ, ಇಲ್ಲಿ ‘ಬಿ’! ಅದೇ ಸಮೀಕ್ಷೆಯಲ್ಲಿ ಸಿಗರೇಟು ಸೇದುವವರಲ್ಲಿಯೂ ಸೋಂಕಿನ ಗುರುತು ಕಡಮೆ ಎಂದಿತ್ತು. ಅದನ್ನು ಮಾತ್ರ ಕೆಲವರು ಬಹಳ ಶ್ರದ್ಧೆಯಿಂದ ನೆನಪಿಟ್ಟುಕೊಂಡಿರುವರು.

ಹಾಗಾದರೆ ಇದೆಲ್ಲ ಬರಿಯ ಗಾಳಿಮಾತೇ? ಅಲ್ಲ. ‘ಎ’ ಗುಂಪಿನವನ ದೇಹದಿಂದ ಹೊರಟ ವೈರಸ್ಸು ‘ಎ’ ಸಕ್ಕರೆಯ ಕುಚ್ಚನ್ನು ಹೊದ್ದು ಬರಬಹುದು. ಅದನ್ನು ‘ಓ’ ಗುಂಪಿನವನ ಪ್ರತಿಕಾಯಗಳು ಬಾಗಿಲಿನಲ್ಲಿಯೇ ಹಿಡಿಯಬಹುದು. ಈ ವೈರಸ್ಸಿನ ಮುಳ್ಳು ‘ಎ’ ಸಕ್ಕರೆಗೆ ಅಂಟಿಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ಕಂಡ ವರದಿಗಳೂ ಬಂದಿವೆ. ಸಣ್ಣದೊಂದು ಪ್ರಭಾವ ಇದ್ದೀತು ಎಂಬುದೇ ನನ್ನ ತೀರ್ಮಾನ. ಆದರೆ ವಯಸ್ಸಿನ ಮುಂದೆ ಅದು ಲೆಕ್ಕಕ್ಕಿಲ್ಲ. ಎಪ್ಪತ್ತೈದು ದಾಟಿದವರಿಗೆ ಇಪ್ಪತ್ತರ ಹರೆಯದವರಿಗಿಂತ ಕೊರೋನಾದಿಂದ ಸಾಯುವ ಅಪಾಯ ನೂರು ಪಟ್ಟಿಗೂ ಮಿಗಿಲು. ನೂರು ಪಟ್ಟು ಎಲ್ಲಿ, ಒಂದೂವರೆ ಪಟ್ಟು ಎಲ್ಲಿ!

ಸಣ್ಣ ಪ್ರಭಾವವೊಂದು ಮನೆಯೊಳಗೆ ಬಂದಾಗ ಎಷ್ಟು ದೊಡ್ಡದಾಗುತ್ತದೆ ಎಂಬುದಕ್ಕೆ ನಮ್ಮ ಬಂಧುವರ್ಗದಲ್ಲಿಯೇ ಒಂದು ನಿದರ್ಶನವಿದೆ. ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಮಲ್ಲೇಶ್ವರದ ಒಂದು ಮನೆಯಲ್ಲಿ ಗಂಡ ‘ಓ’, ಹೆಂಡತಿ ‘ಎ’. ಆಕೆ ಹೆದರಿಕೆಯಿಂದ ಒಂದು ವರ್ಷ ಹೊಸಿಲು ದಾಟಲಿಲ್ಲ. ಊಟ, ನಿದ್ರೆ ಎರಡೂ ಕೆಟ್ಟುವು. ಆತ ಮಾತ್ರ ‘ನನ್ನದು ಓ, ಚಿಕ್ಕಪ್ಪ’ ಎಂದು ನನ್ನ ಮುಂದೆಯೇ ನಕ್ಕು, ಮೂಗಿನ ಕೆಳಗೆ ಮಾಸ್ಕು ಇಳಿಬಿಟ್ಟುಕೊಂಡು ತಿರುಗಿದ. 2021ರ ಏಪ್ರಿಲ್ 1ರಿಂದ ನಲವತ್ತೈದು ದಾಟಿದವರಿಗೆಲ್ಲ ಲಸಿಕೆ ದೊರೆಯತೊಡಗಿತು. ಐವತ್ತರ ಆತನು ‘ಅವಸರವೇನು, ಅಗತ್ಯವಿರುವವರು ಮೊದಲು ಹಾಕಿಸಿಕೊಳ್ಳಲಿ’ ಎಂದು ಮುಂದೂಡಿದ. ಮೇ ತಿಂಗಳ ಎರಡನೆಯ ವಾರ ಆಮ್ಲಜನಕದ ಹಾಸಿಗೆಗಾಗಿ ಅವನ ಮಗಳು ರಾತ್ರಿಯೆಲ್ಲ ದೂರವಾಣಿ ಹಿಡಿದು ಕುಳಿತಳು. ಹಾಸಿಗೆ ದೊರೆಯಿತು, ಬದುಕಿದ. ಮೆಟ್ಟಿಲು ಹತ್ತಿದರೆ ಇಂದಿಗೂ ಏದುಸಿರು. ಅವನನ್ನು ಶುಶ್ರೂಷೆ ಮಾಡಿದ ‘ಎ’ ಗುಂಪಿನ ಹೆಂಡತಿಗೆ ಕೆಮ್ಮೂ ಬರಲಿಲ್ಲ. ಇದರಿಂದ ‘ಓ’ಗೇ ಅಪಾಯ ಹೆಚ್ಚೆಂದು ಸಿದ್ಧವಾಗುವುದಿಲ್ಲ, ಒಂದು ಮನೆಯ ಕಥೆಯಿಂದ ಏನೂ ಸಿದ್ಧವಾಗುವುದಿಲ್ಲ. ನೂರಕ್ಕೆ ಮೂವತ್ತೆಂಟು ಎಂಬ ಡೆನ್ಮಾರ್ಕಿನ ಅಂಕಿಯಲ್ಲಿ ಇಂಥ ಮನೆಗಳೇ ಅಡಗಿವೆ, ಅಷ್ಟೆ.

ರಕ್ತದ ಗುಂಪಿಗೂ ವೈರಸ್ಸಿಗೂ ನಿಸ್ಸಂದೇಹವಾದ ಸಂಬಂಧವಿರುವ ಒಂದು ಪ್ರಸಂಗವನ್ನೂ ಹೇಳಿಬಿಡಬೇಕು. ವಾಂತಿಭೇದಿ ಉಂಟುಮಾಡುವ ನೋರೋವೈರಸ್ ಎಂಬುದೊಂದಿದೆ. ಕರುಳಿನ ಒಳಪದರದಲ್ಲಿ ‘ಎಚ್’ ಸಕ್ಕರೆ ಇದ್ದರೆ ಮಾತ್ರ ಅದರ ಕೆಲವು ತಳಿಗಳು ಅಂಟಿಕೊಳ್ಳಬಲ್ಲವು. ಅದನ್ನು ಕಟ್ಟುವ ವಂಶವಾಹಿ ಕೆಲಸ ಮಾಡದವರಿಗೆ, ಸ್ವಯಂಸೇವಕರಾಗಿ ಆ ವೈರಸ್ಸನ್ನು ಕುಡಿದರೂ ಕಾಯಿಲೆ ಬರಲಿಲ್ಲ. ಹೌದು, ಹಾಗೆ ಕುಡಿದು ಪರೀಕ್ಷೆಗೆ ಒಳಗಾದವರಿದ್ದಾರೆ!

‘ಎಚ್’ನ ಮಾತು ಬಂದುದರಿಂದ ‘ಓ’ ಗುಂಪಿನ ವಿದ್ಯಾರ್ಥಿಗಳಿಗೆ ಒಂದು ವಿಷಯ. ಕೆಂಪುಕಣಗಳ ಮೇಲೆ ಆ ಬುನಾದಿಯ ‘ಎಚ್’ ಕೂಡ ಇಲ್ಲದ ರಕ್ತವನ್ನು 1952ರಲ್ಲಿ ಡಾ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಗುರುತಿಸಿದರು. ಆದುದರಿಂದ ಅದಕ್ಕೆ ‘ಬಾಂಬೆ ಗುಂಪು’ ಎಂದೇ ಹೆಸರು. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಈ ಗುಂಪಿನವರು. ನಮ್ಮ ಕರ್ನಾಟಕದಲ್ಲಿಯೂ ಇರುವರು. ಸಾಧಾರಣ ಪರೀಕ್ಷೆಯಲ್ಲಿ ಇದು ‘ಓ’ ಎಂದೇ ತೋರುತ್ತದೆ. ಆದರೆ ಇವರಿಗೆ ‘ಓ’ ರಕ್ತವನ್ನು ಕೊಟ್ಟರೆ ಪ್ರಾಣಾಪಾಯ. ಬಾಂಬೆ ಗುಂಪಿನ ರಕ್ತವೇ ಆಗಬೇಕು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆಯು ದೇಶದ ಇಂಥ ದಾನಿಗಳ ಪಟ್ಟಿಯನ್ನಿಟ್ಟು, ಬೇಕಾದವರಿಗೆ ಹುಡುಕಿಕೊಡುವ ಕೆಲಸ ಮಾಡುತ್ತಾ ಬಂದಿದೆ. ಬೆರಳು ಚುಚ್ಚಿ ಹಲಗೆಯ ಮೇಲೆ ನೋಡುವ ಪರೀಕ್ಷೆಯಿಂದ ಮಾತ್ರ ‘ಓ’ ಎಂದು ಬರೆಸಿಕೊಂಡಿರುವವರು ಮುಂದಿನ ಸಲ ರಕ್ತದಾನಕ್ಕೆ ಹೋದಾಗ ರಕ್ತನಿಧಿಯವರನ್ನು ಕೇಳಿರಿ. ನಿಮ್ಮ ರಕ್ತದ ದ್ರವಭಾಗವನ್ನು ‘ಓ’ ಕಣಗಳೊಡನೆ ಬೆರೆಸಿ ನೋಡುವ ಪರೀಕ್ಷೆಯನ್ನೂ ಮಾಡಿದರೆ ಯಾವುದೆಂದು ಅಲ್ಲಿಯೇ ತಿಳಿಯುತ್ತದೆ.